ಡುಸಾಬಲ್ ಹೆಸರಿನ ಜೊತೆಗೆ ಕಿಟಿಹಾವಾ ಹೆಸರೂ ಇರಲಿ: ಶಿಕಾಗೊ ಮೇಯರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಮೇಯರ್ ಅವರಿಗೆ,

ಇದರ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ಕನ್ನಡದಲ್ಲಿಯೂ ಪ್ರಕಟಿಸುತ್ತಿರುವುದು ಶಿಕಾಗೊ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಈ ಮನವಿಗೆ ದನಿಗೂಡಿಸಲಿ ಎಂದು.

2021ರಲ್ಲಿ ನಗರಸಭೆಯು ಸರೋವರದ ದಂಡೆಯ ಹೆದ್ದಾರಿಯಾದ ಲೇಕ್ ಶೋರ್ ಡ್ರೈವ್‌ಗೆ, ಶಿಕಾಗೊದಲ್ಲಿ ಕಾಯಂ ಆಗಿ ನೆಲೆಸಿದ ಮೊದಲ ಹೊರಗಿನವರಾದ ಜೀನ್ ಬ್ಯಾಪ್ಟಿಸ್ಟ್ ಪಾಯಿಂಟ್ ಡುಸಾಬಲ್ ಅವರ ಹೆಸರನ್ನು ಸೇರಿಸಿತು. ಮಿಶಿಗನ್ ಅವೆನ್ಯೂ ಸೇತುವೆಗೂ ಒಂದು ವಸ್ತುಸಂಗ್ರಹಾಲಯಕ್ಕೂ ಅದಕ್ಕೆ ಮುಂಚೆಯೇ ಅವರ ಹೆಸರು ಬಂದಿತ್ತು. ಶಿಕಾಗೊ ನದಿ ಸರೋವರ ಸೇರುವ ಕಡೆ ಮನೆ ಕಟ್ಟಿ ವ್ಯಾಪಾರ ಬೆಳೆಸಿದ ಈ ಕಪ್ಪು ವರ್ತಕರನ್ನು ಬದಿಗೊತ್ತಿ, ಮುಂದೆ ಅದೇ ಮನೆಯಲ್ಲಿ ವಾಸಿಸಿದ ಬಿಳಿಯ ವರ್ತಕ ಜಾನ್ ಕಿನ್ಜಿಯನ್ನೇ ಊರಿನ ಮೂಲಪುರುಷನೆಂದು ಬಹುಕಾಲ ಕೊಂಡಾಡಿದ ನಗರವಿದು. ಹಾಗಾಗಿ ಈ ಗೌರವ ತಡವಾದರೂ ನ್ಯಾಯವಾದದ್ದೇ. ಆದರೆ ಈ ಮೂರೂ ಕಡೆ ಇರುವುದು ಡುಸಾಬಲ್ ಒಬ್ಬರ ಹೆಸರು ಮಾತ್ರ.

ಅವರ ಪತ್ನಿ ಕಿಟಿಹಾವಾ ಪೊಟವಾಟೊಮಿ ಎಂಬ ಅಮೆರಿಕದ ಮೂಲನಿವಾಸಿ ಜನಾಂಗದವರು. 1788ರಲ್ಲಿ ಇಲಿನಾಯ್‌ನ ಕಹೋಕಿಯಾ ಊರಿನ ಕ್ಯಾಥೊಲಿಕ್ ಪಾದ್ರಿಯೊಬ್ಬರು ಇವರ ವಿವಾಹವನ್ನು ವಿಧಿವತ್ತಾಗಿ ನೆರವೇರಿಸುವ ಹೊತ್ತಿಗೆ ಮಗ ಜೀನ್, ಮಗಳು ಸುಸಾನ್ ಹುಟ್ಟಿಯಾಗಿತ್ತು. ಆ ಕಾಲದ ತುಪ್ಪುಳು ತೊಗಲಿನ ವ್ಯಾಪಾರ ನಡೆಯುತ್ತಿದ್ದುದು ಬಹುಪಾಲು ನಂಟಸ್ತಿಕೆಯ ಬಲದಿಂದ. ಹೆಂಡತಿಯ ಬಳಗವೇ ವರ್ತಕನಿಗೆ ರಕ್ಷಣೆಯೂ ಸಾಲದ ಜಾಮೀನೂ ಆಗಿತ್ತು.

1800ರಲ್ಲಿ ಡುಸಾಬಲ್ ತಮ್ಮ ಆಸ್ತಿಯನ್ನು 6,000 ಲಿವ್ರ್‌ಗೆ (ಆಗಿನ ಫ್ರೆಂಚ್ ಹಣ) ಮಾರಿದಾಗ ಬರೆದ ಕ್ರಯಪತ್ರವನ್ನೇ ನೋಡಿ. 40 ಅಡಿ ಉದ್ದ, 22 ಅಡಿ ಅಗಲದ ಮನೆ, ಎರಡು ಕೊಟ್ಟಿಗೆ, ಕುದುರೆಯಿಂದ ತಿರುಗುವ ಗಿರಣಿ, ರೊಟ್ಟಿ ಸುಡುವ ಮನೆ, ಹಾಲಿನ ಮನೆ, ಮಾಂಸಕ್ಕೆ ಹೊಗೆ ಹಾಕುವ ಮನೆ, 30 ದನ, 38 ಹಂದಿ, 44 ಕೋಳಿ ಅದರಲ್ಲಿವೆ. ಹತ್ತು ವರ್ಷ ಮೊದಲು ಆ ದಾರಿಯಲ್ಲಿ ಬಂದ ಹ್ಯೂ ಹೆವಾರ್ಡ್ ಎಂಬ ಪ್ರಯಾಣಿಕ ಬಟ್ಟೆ ಕೊಟ್ಟು ಹಿಟ್ಟು, ರೊಟ್ಟಿ, ಹಂದಿಮಾಂಸ ಕೊಂಡೊಯ್ದದ್ದು ಇಲ್ಲಿಂದಲೇ. ಇಷ್ಟು ದೊಡ್ಡ ಬದುಕನ್ನು ಗಂಡಸೊಬ್ಬನೇ ನಿಭಾಯಿಸಿದನೆಂದರೆ ನಮ್ಮೂರಿನ ಯಾವ ರೈತ ಹೆಣ್ಣುಮಗಳೂ ನಂಬಲಾರಳು.

ಆದ್ದರಿಂದ, ಆ ಮನೆ ಇದ್ದ ಜಾಗದ ಪಯೋನಿಯರ್ ಕೋರ್ಟ್ ಚೌಕದಲ್ಲಿ ಒಂದು ಫಲಕ ನಿಲ್ಲಿಸಿ, ಅದರ ಮೇಲೆ ಕಿಟಿಹಾವಾ, ಜೀನ್, ಸುಸಾನ್ ಅವರ ಹೆಸರುಗಳನ್ನು ಡುಸಾಬಲ್ ಹೆಸರಿನಷ್ಟೇ ದೊಡ್ಡ ಅಕ್ಷರಗಳಲ್ಲಿ ಕೆತ್ತಿಸಿ, ಕ್ರಯಪತ್ರದ ಪೂರ್ತಿ ಪಟ್ಟಿಯನ್ನು ಕೆಳಗೆ ಹಾಕಿಸಬೇಕೆಂದು ಕೋರುತ್ತೇನೆ. ಡುಸಾಬಲ್ ಹೈಟಿಯಲ್ಲಿ ಹುಟ್ಟಿದರೆಂಬುದು ಪ್ರಚಲಿತ ನಂಬಿಕೆಯೇ ಹೊರತು ದಾಖಲೆಯಿಂದ ಸಿದ್ಧವಾದದ್ದಲ್ಲ. ಫಲಕವೂ ಅದನ್ನು ಹಾಗೆಯೇ ಹೇಳಲಿ. 1833ರ ಶಿಕಾಗೊ ಒಪ್ಪಂದದ ತರುವಾಯ ಪೊಟವಾಟೊಮಿ ಜನರನ್ನು ಈ ನೆಲದಿಂದ ಪಶ್ಚಿಮಕ್ಕೆ ಸಾಗಹಾಕಲಾಯಿತಾದ್ದರಿಂದ, ಫಲಕದ ಒಕ್ಕಣೆಯನ್ನು ಅವರ ಇಂದಿನ ಪ್ರತಿನಿಧಿಗಳ ಒಪ್ಪಿಗೆ ಪಡೆದ ನಂತರವೇ ಅಂತಿಮಗೊಳಿಸಬೇಕೆಂದೂ ವಿನಂತಿಸುತ್ತೇನೆ.

ಇಂತಿ,
ಶಿಕಾಗೊ ನಿವಾಸಿಯಾದ ಒಬ್ಬ ಕನ್ನಡಿಗ