ಮಗಳಿಗೊಂದು ಪತ್ರ: ಪಾರ್ಸೆಲ್‌ನಲ್ಲಿ ಒಂದು ರೇಡಿಯೋ ಇದೆ

ಸಾಗರ,
ಬುಧವಾರ ರಾತ್ರಿ

ಪ್ರೀತಿಯ ಪುಟ್ಟಿ,

ಇವತ್ತಿನ ರಾತ್ರಿ ಬಸ್ಸಿಗೆ ನಿನಗೊಂದು ಪಾರ್ಸೆಲ್ ಹಾಕಿದ್ದೇನೆ. ಮೇಲೆ ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಇದೆ, ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಚಕ್ಕುಲಿ ಇದೆ. ಅಡಿಯಲ್ಲಿ ಹಳೇ ಟವೆಲ್ ಸುತ್ತಿದ ಒಂದು ಪುಟ್ಟ ರೇಡಿಯೋ ಇದೆ. ಯಾರೋ ಬಿಟ್ಟುಹೋದದ್ದು, ವರ್ಷಗಳಿಂದ ಅಂಗಡಿಯ ಅಟ್ಟದಲ್ಲಿತ್ತು. ಬ್ಯಾಂಡ್ ಸ್ವಿಚ್ ಬದಲಾಯಿಸಿದೆ, ಕಿತ್ತುಹೋಗಿದ್ದ ಕಾಯಿಲ್ ತಂತಿಗೆ ಬೆಸುಗೆ ಹಾಕಿದೆ. ಈಗ ಚೆನ್ನಾಗಿ ಹಾಡುತ್ತದೆ.

ಸೋಮವಾರ ಫೋನಿನಲ್ಲಿ ನೀನು ಒಂದು ಮಾತು ಹೇಳಿದೆ. "ವಿದ್ಯುತ್ಕಾಂತೀಯ ಅಲೆಗಳ ಪಾಠದಲ್ಲಿ ಅರ್ಥ ಮಾಡ್ಕೊಳ್ಳೋದು ಏನೂ ಇಲ್ಲಪ್ಪ, ಒಂದು ಟೇಬಲ್ ಬಾಯಿಪಾಠ ಮಾಡಿದ್ರೆ ಆಯ್ತು" ಅಂತ. ಅಂಗಡಿಯಲ್ಲಿ ಗಿರಾಕಿ ನಿಂತಿದ್ದರು, ಉತ್ತರ ಕೊಡಲಾಗಲಿಲ್ಲ. ಆದರೆ ಆ ಮಾತು ಎರಡು ದಿನದಿಂದ ತಲೆಯಲ್ಲೇ ಕೂತಿದೆ. ನಿನ್ನ ಅಪ್ಪ ಮೂವತ್ತು ವರ್ಷ ಅನ್ನ ತಿಂದದ್ದು ಆ ಅಲೆಗಳಿಂದ. ಅದಕ್ಕೇ ಈ ಪತ್ರ.

ನಿನ್ನ ಟೇಬಲ್‌ನಲ್ಲಿ ಏಳು ಹೆಸರು ಇರುತ್ತವೆ, ಅಲ್ವಾ? ರೇಡಿಯೋ ಅಲೆ, ಮೈಕ್ರೋವೇವ್, ಇನ್‌ಫ್ರಾರೆಡ್, ಕಣ್ಣಿಗೆ ಕಾಣುವ ಬೆಳಕು, ನೇರಳಾತೀತ, ಎಕ್ಸ್‌ರೇ, ಗಾಮಾ. ಏಳು ಬೇರೆ ಬೇರೆ ವಸ್ತು ಅನ್ನೋ ಹಾಗೆ ಬರೆದಿರುತ್ತಾರೆ. ಇರುವುದು ಒಂದೇ. ಕರೆಂಟಿನ ಕಣ, ಅಂದರೆ ಚಾರ್ಜ್, ಸುಮ್ನೆ ಕೂತಿದ್ದರೆ ಅಲೆ ಇಲ್ಲ. ಒಂದೇ ವೇಗದಲ್ಲಿ ನೇರವಾಗಿ ಹೋಗುತ್ತಿದ್ದರೂ ಅಲೆ ಇಲ್ಲ. ಅದನ್ನು ಅಲುಗಿಸಿದರೆ, ಓಡಿಸಿದರೆ, ತಟ್ಟನೆ ನಿಲ್ಲಿಸಿದರೆ ಅಲೆ ಹುಟ್ಟುತ್ತದೆ. ಎಷ್ಟು ಬೇಗ ಅಲುಗಿತು ಅನ್ನುವುದರ ಮೇಲೆ ಹೆಸರು ಬದಲಾಗುತ್ತದೆ, ಅಷ್ಟೆ.

ಇದನ್ನು ನೀನೇ ನೋಡಬಹುದು. ರೇಡಿಯೋವನ್ನು ಮೀಡಿಯಂ ವೇವ್‌ಗೆ ಹಾಕು. ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳನ್ನು ನಿಲ್ಲಿಸು. ಹಾಸ್ಟೆಲ್ ಅಡುಗೆಮನೆಯಿಂದ ಗ್ಯಾಸ್ ಲೈಟರ್ ಕೇಳಿ ತಂದು, ರೇಡಿಯೋ ಹತ್ತಿರ ಹಿಡಿದು ಒತ್ತು. ಸ್ಪೀಕರ್‌ನಲ್ಲಿ ಟಕ್ ಅನ್ನುತ್ತದೆ. ಲೈಟರಿಗೂ ರೇಡಿಯೋಗೂ ನಡುವೆ ತಂತಿ ಇಲ್ಲ. ಕಿಡಿಯಲ್ಲಿ ಚಾರ್ಜ್ ಹಾರಿತು, ಅಲೆ ಹೊರಟಿತು, ರೇಡಿಯೋ ಹಿಡಿಯಿತು.

ಹೆನ್ರಿಕ್ ಹರ್ಟ್ಸ್ 1887ರ ಸುಮಾರಿಗೆ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಮಾಡಿದ್ದೂ ಇದನ್ನೇ. ಒಂದು ಕಡೆ ಜೋರಾದ ಕಿಡಿ. ಸ್ವಲ್ಪ ದೂರದಲ್ಲಿ ಒಂದು ತಂತಿಯ ಬಳೆ, ಅದರಲ್ಲಿ ಕೂದಲೆಳೆಯಷ್ಟು ಸಂದು. ಕೋಣೆ ಕತ್ತಲು ಮಾಡಿ, ಆ ಸಂದಿನಲ್ಲಿ ಸಣ್ಣ ಕಿಡಿ ಹಾರುತ್ತದಾ ಅಂತ ಕಣ್ಣು ನೆಟ್ಟು ಕಾದ. ಹಾರಿತು. ಆಮೇಲೆ ಸತುವಿನ ತಗಡು ನಿಲ್ಲಿಸಿ ಅಲೆಯನ್ನು ವಾಪಸ್ ಪುಟಿಸಿದ, ಅದರ ಉದ್ದ ಅಳೆದ. ಅದು ಬೆಳಕಿನ ಹಾಗೆಯೇ ಪುಟಿಯುತ್ತದೆ, ಬೆಳಕಿನ ಹಾಗೆಯೇ ಬಾಗುತ್ತದೆ ಅಂತ ತೋರಿಸಿದ. 1894ರಲ್ಲಿ ತೀರಿಕೊಂಡಾಗ ಅವನಿಗೆ 36 ವರ್ಷ. ರೇಡಿಯೋ ಅನ್ನುವುದನ್ನು ಅವನು ನೋಡಲೇ ಇಲ್ಲ. ರೇಡಿಯೋದ ಡಯಲ್ ಮೇಲೆ ಕಿಲೋಹರ್ಟ್ಸ್ ಅಂತ ಬರೆದಿರುವುದನ್ನು ನೋಡಿದಾಗೆಲ್ಲ ನನಗೆ ಅವನ ನೆನಪಾಗುತ್ತದೆ.

ಹರ್ಟ್ಸ್ ಹುಡುಕಿದ ಅಲೆಯನ್ನು ಕಣ್ಣಿಂದ ನೋಡದೆ, ಬರೀ ಲೆಕ್ಕದಲ್ಲಿ ಕಂಡವನು ಸ್ಕಾಟ್ಲೆಂಡಿನ ವಿಜ್ಞಾನಿ ಮ್ಯಾಕ್ಸ್‌ವೆಲ್. 1865ರ ಅವನ ಲೇಖನದಲ್ಲಿ ಅದು ಇದೆ. ವಿದ್ಯುತ್ ಕ್ಷೇತ್ರ ಬದಲಾದರೆ ಕಾಂತಕ್ಷೇತ್ರ ಹುಟ್ಟುತ್ತದೆ. ಕಾಂತಕ್ಷೇತ್ರ ಬದಲಾದರೆ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ಬಾವಿ ತೋಡುವಾಗ ಸಾಲಾಗಿ ನಿಂತು ಮಣ್ಣಿನ ಬುಟ್ಟಿ ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಇವೆರಡೂ ಒಂದನ್ನೊಂದು ಮುಂದಕ್ಕೆ ದಾಟಿಸುತ್ತ ಹೋಗುತ್ತವೆ. ಅದಕ್ಕೇ ಈ ಅಲೆಗೆ ನೀರೂ ಬೇಡ, ಗಾಳಿಯೂ ಬೇಡ. ಖಾಲಿ ಜಾಗದಲ್ಲಿ ಆರಾಮಾಗಿ ಓಡುತ್ತದೆ. ಅದರ ವೇಗ ಲೆಕ್ಕ ಹಾಕಿದರೆ ಬೆಳಕಿನ ವೇಗವೇ ಬಂತು, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಹಾಗಾದರೆ ಬೆಳಕೂ ಇಂಥದ್ದೇ ಅಲೆ ಅಂತ ಅವನು ಹೇಳಿದ. ಆ ಜಾಗ ಓದುವಾಗ ಈಗಲೂ ನನ್ನ ಮೈ ನವಿರೇಳುತ್ತದೆ.

ಈಗ ರೇಡಿಯೋದ ಹಿಂದಿನ ಮುಚ್ಚಳ ತೆಗೆ. ನಾಲ್ಕೇ ಸ್ಕ್ರೂ, ಹಾಳಾಗುವುದಿಲ್ಲ. ಒಳಗೆ ಪೆನ್ಸಿಲ್‌ನಷ್ಟು ಉದ್ದದ ಕಪ್ಪು ಕಡ್ಡಿ ಇದೆ, ಮೇಲೆ ಕೆಂಪಗಿನ ತೆಳು ತಂತಿ ಸುತ್ತಿದೆ. ಅದು ಫೆರೈಟ್ ರಾಡ್. ಮೀಡಿಯಂ ವೇವ್ ಹಿಡಿಯುವುದು ಅದು. ಅಲೆಯ ಕಾಂತಕ್ಷೇತ್ರ ಆ ಕಡ್ಡಿಯೊಳಗೆ ಬದಲಾಗುತ್ತ ಹೋದ ಹಾಗೆ ತಂತಿಯಲ್ಲಿ ಕರೆಂಟ್ ಹುಟ್ಟುತ್ತದೆ. ಹೊರಗೆ ಎಳೆದು ಉದ್ದ ಮಾಡುವ ಏರಿಯಲ್ ಇದೆಯಲ್ಲ, ಅದು ಎಫ್‌ಎಂಗೆ. ಅಲ್ಲಿ ಅಲೆಯ ವಿದ್ಯುತ್ ಕ್ಷೇತ್ರ ಲೋಹದೊಳಗಿನ ಎಲೆಕ್ಟ್ರಾನ್‌ಗಳನ್ನು ಆಚೆ ಈಚೆ ತಳ್ಳುತ್ತದೆ. ನಿನ್ನ ಪುಸ್ತಕದಲ್ಲಿ ಒಂದಕ್ಕೊಂದು ಅಡ್ಡಡ್ಡವಾಗಿ ಎರಡು ಅಲೆ ಬರೆದಿರುವ ಚಿತ್ರ ಇರುತ್ತದೆ. ಅದರ ಒಂದು ಅರ್ಧವನ್ನು ಕಡ್ಡಿ ಹಿಡಿಯುತ್ತದೆ, ಇನ್ನೊಂದು ಅರ್ಧವನ್ನು ಏರಿಯಲ್ ಹಿಡಿಯುತ್ತದೆ. ಎರಡೂ ಒಂದೇ ಡಬ್ಬಿಯಲ್ಲಿವೆ. ಆ ಚಿತ್ರ ನನಗೆ ಅರ್ಥವಾದದ್ದು ಹೀಗೆ, ಅದೂ ಎಷ್ಟೋ ವರ್ಷ ರಿಪೇರಿ ಮಾಡಿದ ಮೇಲೆ. ನಿನಗೆ ಈಗಲೇ ಅರ್ಥವಾಗಲಿ ಅಂತ ನನ್ನ ಆಸೆ.

ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ. ಅಂದರೆ ಅಲ್ಲಿನ ಕಂಬದಲ್ಲಿ ಎಲೆಕ್ಟ್ರಾನ್‌ಗಳು ಒಂದು ಸೆಕೆಂಡಿಗೆ 6,12,000 ಸಲ ಮೇಲೆ ಕೆಳಗೆ ಆಡುತ್ತವೆ. ವೇಗವನ್ನು ಇದರಿಂದ ಭಾಗಿಸು. ಒಂದು ಅಲೆಯ ಉದ್ದ ಸುಮಾರು 490 ಮೀಟರ್. ಸ್ಟೇಷನ್ ಸಿಕ್ಕ ಮೇಲೆ ರೇಡಿಯೋವನ್ನು ಮೇಜಿನ ಮೇಲೆ ನಿಧಾನ ತಿರುಗಿಸು. ನೀನಿರುವ ಮೈಸೂರಿನಿಂದ ಬೆಂಗಳೂರು ಈಶಾನ್ಯಕ್ಕಿದೆ. ಕಡ್ಡಿಯ ತುದಿ ಆ ಕಡೆ ಮುಖ ಮಾಡಿದಾಗ ದನಿ ಕುಗ್ಗುತ್ತದೆ, ಅಡ್ಡ ತಿರುಗಿದಾಗ ಜೋರಾಗುತ್ತದೆ. ಸ್ಟೇಷನ್ ಯಾವ ದಿಕ್ಕಿಗಿದೆ ಅಂತ ಹಿಂದೆ ಹಡಗಿನವರೂ ಹೀಗೇ ಕಂಡುಹಿಡಿಯುತ್ತಿದ್ದರು.

ಮೈಸೂರಿನ ಎಫ್‌ಎಂ 100.6 ಮೆಗಾಹರ್ಟ್ಸ್. ಅಲೆಯ ಉದ್ದ ಮೂರು ಮೀಟರ್‌ಗಿಂತ ತುಸು ಕಡಿಮೆ. ಅಲೆಯ ಕಾಲು ಭಾಗದಷ್ಟು ಉದ್ದದ ಕೋಲು ಅದನ್ನು ಚೆನ್ನಾಗಿ ಹಿಡಿಯುತ್ತದೆ. ಲೆಕ್ಕ ಮಾಡಿ ಏರಿಯಲ್ ಅಳೆದು ನೋಡು, ಹತ್ತಿರ ಹತ್ತಿರ ಇರುತ್ತದೆ. 612ಕ್ಕೆ ಅದೇ ಲೆಕ್ಕ ಹಾಕಿದರೆ 120 ಮೀಟರ್ ದಾಟುತ್ತದೆ. ಮೀಡಿಯಂ ವೇವ್ ಕಂಬಗಳು ಯಾಕೆ ಅಷ್ಟು ಎತ್ತರ ಅಂತ ಈಗ ಗೊತ್ತಾಯ್ತಲ್ಲ? 1800 ಮೆಗಾಹರ್ಟ್ಸ್‌ನ ಮೊಬೈಲ್ ಅಲೆಗೆ ಕಾಲು ಭಾಗ ನಾಲ್ಕು ಸೆಂಟಿಮೀಟರ್ ಮಾತ್ರ. ಅದಕ್ಕೇ ನಿನ್ನ ಫೋನಿನ ಏರಿಯಲ್ ಹೊರಗೆ ಕಾಣುವುದಿಲ್ಲ.

ನೀನಿರುವ ಊರಿನ ವಿಷಯ ಬಂತು, ಒಂದು ಮಾತು ಹೇಳಿಬಿಡುತ್ತೇನೆ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದರು. ಅವರ ಟ್ರಾನ್ಸ್‌ಮಿಟರ್ ಶಕ್ತಿ ಬರೀ 30 ವಾಟ್. ಒಂದು ಸಣ್ಣ ಬಲ್ಬಿನಷ್ಟು! ಆಕಾಶವಾಣಿ ಅನ್ನುವ ಹೆಸರು ಅಲ್ಲಿಂದ ಬಂತು. ಭಾನುವಾರ ಪುರುಸೊತ್ತಾದರೆ ಯಾದವಗಿರಿಯ ಆಕಾಶವಾಣಿ ಕಟ್ಟಡದ ಮುಂದೆ ಒಮ್ಮೆ ನಡೆದುಬಾ.

ನಮ್ಮ ದೇಶದ ಇನ್ನೊಬ್ಬರ ಹೆಸರನ್ನು ನಿನ್ನ ನೋಟ್ಸಿನ ಮಾರ್ಜಿನ್‌ನಲ್ಲಿ ಬರೆದುಕೋ. ಜಗದೀಶಚಂದ್ರ ಬೋಸ್. 1895ರಲ್ಲಿ ಕಲ್ಕತ್ತೆಯಲ್ಲಿ ಗೋಡೆಯಾಚೆಗೆ ಅಲೆ ಕಳಿಸಿ ಗಂಟೆ ಬಾರಿಸಿದರು, ಮದ್ದಿನ ಪುಡಿಗೆ ಬೆಂಕಿ ಹೊತ್ತಿಸಿದರು. ಅವರ ಅಲೆಗಳು ಕೆಲವೇ ಮಿಲಿಮೀಟರ್ ಉದ್ದದವು. ದೊಡ್ಡ ಲ್ಯಾಬು, ದುಬಾರಿ ಸಾಮಾನು ಏನೂ ಇರಲಿಲ್ಲ. ರೈಲ್ವೆ ವೇಳಾಪಟ್ಟಿಯ ಪುಸ್ತಕದ ಹಾಳೆಗಳ ನಡುವೆ ತವರದ ತೆಳು ಹಾಳೆ ಇಟ್ಟರು. ಅಲೆ ಯಾವ ಮಗ್ಗುಲಿಗೆ ಆಡುತ್ತಿದೆ ಅನ್ನುವುದನ್ನು ಅದರಿಂದ ಬೇರ್ಪಡಿಸಿದರು. ಹುರಿ ಮಾಡಿದ ಸೆಣಬಿನ ನಾರಿನ ಮೂಲಕ ಹಾಯಿಸಿ ಆ ಮಗ್ಗುಲನ್ನೇ ತಿರುಗಿಸಿದರು. ಸೆಣಬು, ಪುಟ್ಟಿ! ಗೋಣಿಚೀಲದ ಸೆಣಬು!

ಚಕ್ಕುಲಿ ತಿಂದು ಮುಗಿದ ಮೇಲೆ ಡಬ್ಬಿಯನ್ನು ತೊಳೆದು ಒರೆಸು. ಎಫ್‌ಎಂ ಹಾಕಿದ ರೇಡಿಯೋವನ್ನು, ಏರಿಯಲ್ ಮಡಿಚಿ, ಒಳಗಿಟ್ಟು ಮುಚ್ಚಳ ಬಿಗಿಯಾಗಿ ಹಾಕು. ಹಾಡು ನಿಂತು ಬರೀ ಸುಯ್ ಅನ್ನುವ ಸದ್ದು ಉಳಿಯುತ್ತದೆ. ಅಲೆ ಲೋಹಕ್ಕೆ ಬಡಿದಾಗ ಲೋಹದ ಎಲೆಕ್ಟ್ರಾನ್‌ಗಳು ಅದರ ತಾಳಕ್ಕೆ ಆಡಿ, ಎದುರು ಅಲೆ ಎಬ್ಬಿಸಿ, ಒಳಗೆ ಬಿಡುವುದಿಲ್ಲ. ಮೈಕ್ರೋವೇವ್ ಒಲೆಯ ಬಾಗಿಲಿನಲ್ಲಿ ಲೋಹದ ಜಾಲರಿ ಇರುವುದೂ ಇದಕ್ಕೇ. ಅದರ ಅಲೆ 12 ಸೆಂಟಿಮೀಟರ್ ಉದ್ದ, ಜಾಲರಿಯ ಸಣ್ಣ ತೂತಿನಲ್ಲಿ ತೂರಲಾರದು. ಬೆಳಕಿನ ಅಲೆ ತುಂಬ ಚಿಕ್ಕದು, ಅದು ತೂರುತ್ತದೆ. ಹಾಗಾಗಿ ಒಳಗಿನ ಅನ್ನ ಕಾಣುತ್ತದೆ.

ಇನ್‌ಫ್ರಾರೆಡ್ ನಿನಗೆ ಹೊಸದಲ್ಲ. ಬಚ್ಚಲ ಒಲೆಯ ಮುಂದೆ ಕೂತಾಗ ಮುಖಕ್ಕೆ ಬಡಿಯುವ ಬಿಸಿ ಅದೇ. ಟಿವಿ ರಿಮೋಟಿನ ಮೂತಿಯನ್ನು ಫೋನಿನ ಕ್ಯಾಮೆರಾಗೆ ಹಿಡಿದು ಒತ್ತು, ತುಂಬ ಕ್ಯಾಮೆರಾಗಳಲ್ಲಿ ಅದು ಬಿಳಿ ನೇರಳೆಯಾಗಿ ಮಿನುಗುತ್ತದೆ. ಕುಲುಮೆಯಲ್ಲಿ ಕಬ್ಬಿಣ ಮೊದಲು ಕಾಣದ ಬಿಸಿ ಸೂಸುತ್ತದೆ, ಆಮೇಲೆ ಕೆಂಪಾಗುತ್ತದೆ, ಆಮೇಲೆ ಹಳದಿ. ಕಾಯಿಸಿದಷ್ಟೂ ಒಳಗಿನ ಕಣಗಳ ಕುಣಿತ ಜಾಸ್ತಿ, ಅಲೆ ಗಿಡ್ಡ.

ಎಕ್ಸ್‌ರೇ ಬಗ್ಗೆ ಬರೆಯಲು ಕೂತರೆ ನಿನ್ನ ಎರಡನೇ ಕ್ಲಾಸಿನ ದಿನ ಕಣ್ಣ ಮುಂದೆ ಬರುತ್ತದೆ. ಪೇರಲೆ ಮರದಿಂದ ಬಿದ್ದು ಮಣಿಕಟ್ಟು ಊದಿತ್ತು. ಎಕ್ಸ್‌ರೇ ಕೋಣೆಯ ಹೊರಗೆ ನಾನು ನಿಂತಿದ್ದೆ, ಒಳಗೆ ನೀನು ಅಳುತ್ತಿದ್ದೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಕೂದಲೆಳೆಯಷ್ಟು ಬಿರುಕು ತೋರಿಸಿ, ಮೂರು ವಾರ ಕಟ್ಟಿದರೆ ಸರಿಹೋಗುತ್ತದೆ ಅಂದರು. ಅಲ್ಲಿಯವರೆಗೆ ನನ್ನ ಉಸಿರು ನನ್ನಲ್ಲಿರಲಿಲ್ಲ. ಆ ಯಂತ್ರದೊಳಗೆ ಆಗುವುದು ಇಷ್ಟೆ: ಹತ್ತಾರು ಸಾವಿರ ವೋಲ್ಟ್‌ನಿಂದ ಎಲೆಕ್ಟ್ರಾನ್‌ಗಳನ್ನು ಓಡಿಸಿ ಟಂಗ್‌ಸ್ಟನ್ ಗೋಡೆಗೆ ಗುದ್ದಿಸುತ್ತಾರೆ. ತಟ್ಟನೆ ನಿಂತಾಗ ಅವು ಬಿಟ್ಟುಕೊಡುವ ಅಲೆಯೇ ಎಕ್ಸ್‌ರೇ. ಹೆಚ್ಚಿನ ಪಾಲು ಶಕ್ತಿ ಬಿಸಿಯಾಗಿ ಹೋಗುತ್ತದೆ, ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಅಲೆಯಾಗುತ್ತದೆ. ಮಾಂಸದಲ್ಲಿ ಅದು ಹಾಯುತ್ತದೆ, ಸುಣ್ಣದಂಶ ಇರುವ ಎಲುಬು ಅದನ್ನು ಹೀರುತ್ತದೆ. ಜರ್ಮನಿಯ ವಿಜ್ಞಾನಿ ರಾಂಟ್‌ಜೆನ್ 1895ರ ನವೆಂಬರ್‌ನಲ್ಲಿ ಇದನ್ನು ಕಂಡು, ಮುಂದಿನ ತಿಂಗಳು ಹೆಂಡತಿಯ ಕೈಯ ಚಿತ್ರ ತೆಗೆದ. ಬೆರಳೆಲುಬಿನ ಮೇಲೆ ಉಂಗುರ ಕಪ್ಪಗೆ ಕೂತಿತ್ತು. ಅವನು ಪೇಟೆಂಟ್ ಮಾಡಿಸಲಿಲ್ಲ. ಅದಕ್ಕಾಗಿ ಅವನ ಮೇಲೆ ನನಗೆ ದೊಡ್ಡ ಗೌರವ.

ಹಾಸ್ಟೆಲ್ ಹಿಂದೆ ಮೊಬೈಲ್ ಟವರ್ ಇದೆ ಅಂತ ಅಮ್ಮನಿಗೆ ಚಿಂತೆ. ಅವಳಿಗೆ ನಾನು ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಅಲೆ ತನ್ನ ಶಕ್ತಿಯನ್ನು ಕಾಳು ಕಾಳಾಗಿ ಕೊಡುತ್ತದೆ. ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಅನ್ನುವುದು, ಜಾಸ್ತಿಯಾದಷ್ಟೂ ಕಾಳು ಗಟ್ಟಿ. ಮರದ ಮಾವಿನಕಾಯಿಗೆ ಒಂದು ಚೀಲ ಮಂಡಕ್ಕಿ ಎರಚಿದರೂ ಬೀಳುವುದಿಲ್ಲ, ಒಂದು ಕಲ್ಲು ಹೊಡೆದರೆ ಬೀಳುತ್ತದೆ. ಮೊಬೈಲ್ ಅಲೆ ಮಂಡಕ್ಕಿ. ಜಾಸ್ತಿ ಸುರಿದರೆ ಬಿಸಿ ಮಾಡಬಹುದು, ಅದಕ್ಕೇ ಟವರಿಗೆ ಮಿತಿ ಹಾಕಿದ್ದಾರೆ. ಎಕ್ಸ್‌ರೇ, ಗಾಮಾ ಕಲ್ಲು. ಅವು ಜೀವಕೋಶದೊಳಗಿನ ಕೊಂಡಿ ಮುರಿಯಬಲ್ಲವು. ಹಾಗಾಗಿ ಎಕ್ಸ್‌ರೇ ತೆಗೆಯುವವರು ಸೀಸದ ಗೋಡೆಯ ಹಿಂದೆ ನಿಲ್ಲುತ್ತಾರೆ. ಅದೇ ಕಲ್ಲಿನಿಂದ ಕ್ಯಾನ್ಸರ್ ಗೆಡ್ಡೆಯನ್ನು ಹೊಡೆಯುತ್ತಾರೆ ಕೂಡ.

ಚಂದ್ರಯಾನ 3 ಇಳಿದ ಸಂಜೆ ನಾವು ಅಂಗಡಿಯ ಟಿವಿ ಮುಂದೆ ನಿಂತಿದ್ದು ನೆನಪಿದೆಯಾ? 2023ರ ಆಗಸ್ಟ್ 23. ಚಂದ್ರನಿಂದ ಹೊರಟ ರೇಡಿಯೋ ಅಲೆ ಭೂಮಿ ತಲುಪಲು ಸುಮಾರು 1.3 ಸೆಕೆಂಡ್ ಬೇಕು. ಅಂಥ ಮಾತುಗಳನ್ನು ಕೇಳಿಸಿಕೊಳ್ಳಲೆಂದೇ ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿ 32 ಮೀಟರ್ ಅಗಲದ, ಬಟ್ಟಲಿನಂಥ ದೊಡ್ಡ ಏರಿಯಲ್ ಆಕಾಶಕ್ಕೆ ಮುಖಮಾಡಿ ನಿಂತಿದೆ. ಗೌರಿಬಿದನೂರಿನ ಹೊಲಗಳ ನಡುವೆ ಒಂದು ಸಾವಿರ ಏರಿಯಲ್‌ಗಳನ್ನು ಇಂಗ್ಲಿಷಿನ ಟಿ ಅಕ್ಷರದ ಹಾಗೆ ನೆಟ್ಟು, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿದ್ದಾರೆ. ಅಲ್ಲಿ ಮಾತಾಡಿದ್ದು ಮನುಷ್ಯರಲ್ಲ, ನಕ್ಷತ್ರಗಳ ನಡುವೆ ಕಾಂತಕ್ಷೇತ್ರದಲ್ಲಿ ಗಿರಕಿ ಹೊಡೆಯುವ ಎಲೆಕ್ಟ್ರಾನ್‌ಗಳು. ಅಲ್ಲೂ ಅದೇ, ಅಲುಗಿದ ಚಾರ್ಜ್.

ಕೊನೆಗೆ ಒಂದು ಕೆಲಸ. ಹಗಲು ಮೀಡಿಯಂ ವೇವ್‌ನಲ್ಲಿ ಮುಳ್ಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಸಿ, ಎಷ್ಟು ಸ್ಟೇಷನ್ ಸಿಕ್ಕವು ಅಂತ ಎಣಿಸು. ರಾತ್ರಿ ಒಂಬತ್ತರ ಮೇಲೆ ಮತ್ತೆ ಎಣಿಸು. ಹಗಲು ಬಿಸಿಲಿನಿಂದ ಹುಟ್ಟುವ ಒಂದು ಪದರ ಆಕಾಶದಲ್ಲಿ ಈ ಅಲೆಗಳನ್ನು ಹೀರಿಬಿಡುತ್ತದೆ. ರಾತ್ರಿ ಅದು ಮಾಯವಾಗುತ್ತದೆ. ಆಗ ಅಲೆ ಇನ್ನೂ ಮೇಲಿನ ಪದರಕ್ಕೆ ಹೋಗಿ, ಬಾಗಿ, ನೂರಾರು ಕಿಲೋಮೀಟರ್ ಆಚೆ ನೆಲಕ್ಕೆ ಇಳಿಯುತ್ತದೆ. ನಿನ್ನ ಅಜ್ಜ ಜಗಲಿಯಲ್ಲಿ ಕೂತು ಮದ್ರಾಸು, ಸಿಲೋನು ಅಂತ ಹಿಡಿಯುತ್ತಿದ್ದುದೆಲ್ಲ ರಾತ್ರಿಯೇ. ದನಿ ಏರುತ್ತ ಇಳಿಯುತ್ತ ಇದ್ದರೆ ರೇಡಿಯೋ ಕೆಟ್ಟಿದೆ ಅಂದುಕೊಳ್ಳಬೇಡ, ದೂರದಿಂದ ಬಂದ ಅಲೆಯ ಗುರುತೇ ಅದು. ಟ್ಯೂಬ್‌ಲೈಟ್, ಚಾರ್ಜರ್‌ಗಳಿಂದ ದೂರ ಕೂತುಕೋ, ಅವೂ ಕರಕರ ಅನ್ನುತ್ತವೆ. ಟೆರೇಸ್‌ಗೆ ಹೋಗಲು ವಾರ್ಡನ್ ಬಿಟ್ಟರೆ ಒಳ್ಳೆಯದು, ಸ್ವೆಟರ್ ಹಾಕಿಕೋ.

ಶನಿವಾರ ರಾತ್ರಿ ಒಂಬತ್ತಕ್ಕೆ ನಾನೂ ಇಲ್ಲಿ ಜಗಲಿಯಲ್ಲಿ ರೇಡಿಯೋ ಹಿಡಿದು ಕೂತಿರುತ್ತೇನೆ. 612ರಿಂದ ಶುರುಮಾಡೋಣ. ನಿನಗೆ ಸಿಕ್ಕ ಸ್ಟೇಷನ್, ಹೊತ್ತು, ಭಾಷೆ ಯಾವುದು ಅಂತ ಒಂದು ಹಾಳೆಯಲ್ಲಿ ಬರೆದಿಡು. ನಾನೂ ಬರೆದಿಡುತ್ತೇನೆ. ಹಬ್ಬಕ್ಕೆ ಬಂದಾಗ ಎರಡೂ ಹಾಳೆ ಜೋಡಿಸಿ ನೋಡೋಣ.

ಸೆಲ್ ಎರಡು ಜೊತೆ ಇಟ್ಟಿದ್ದೇನೆ. ಪಾರ್ಸೆಲ್ ಸಿಕ್ಕ ಕೂಡಲೇ ಅಮ್ಮನಿಗೆ ಫೋನ್ ಮಾಡು.

ನಿನ್ನ,
ಅಪ್ಪ