ಬರೀ ರಾಡ್ ಎತ್ತೋಕೆ ನಾಚ್ಕೋಬೇಡ ಪುಟ್ಟಿ

ಪುಟ್ಟಿ,

ನೀನು ಕಳಿಸಿದ ವಿಡಿಯೋ ನೋಡ್ದೆ, ಊಟಕ್ಕೆ ಕೂತಾಗ ನಿಮ್ಮಪ್ಪಂಗೂ ತೋರಿಸ್ದೆ. ಭುಜದ ಆಪರೇಷನ್ ಆದ್ಮೇಲೆ ಈಗ ಜಿಮ್ಮಲ್ಲಿ ಬೆಂಚ್ ಮೇಲೆ ಮಲಗಿ ಬರೀ ರಾಡ್ ಇಳಿಸಿ ಎತ್ತಿದೀಯ, ಪ್ಲೇಟ್ ಇಲ್ಲ ಏನಿಲ್ಲ, 20 ಕೆಜಿ ಅಷ್ಟೇ. ಕೆಳಗೆ "ನಾಚ್ಕೆ ಆಗುತ್ತಮ್ಮ, ಪಕ್ಕದ ಹುಡುಗೀರು ಇದು ನನ್ನ ವಾರ್ಮಪ್ ಅನ್ಕೊಂಡಿದಾರೆ" ಅಂತ ಬರ್ದಿದ್ದೆ. ಅದನ್ನ ಓದಿದ್ಮೇಲೆ ಫೋನಲ್ಲಿ ಹೇಳೋದು ಬೇಡ ಅನ್ನಿಸ್ತು, ಫೋನಲ್ಲಾದ್ರೆ ನೀನು ಹೂಂ ಅಮ್ಮ ಹೂಂ ಅಮ್ಮ ಅಂತ ಇಟ್ಬಿಡ್ತೀಯ, ಅದಕ್ಕೇ ಕೂತು ಬರೀತಿದೀನಿ.

ಮೊದ್ಲು ನಿನ್ನ ಭುಜಕ್ಕೆ ಏನೇನಾಯ್ತು ಅಂತ ಒಂದ್ಸಲ ನೆನಪು ಮಾಡ್ಕೋ, ನೀನು ಅದನ್ನ ಚಿಕ್ಕದು ಮಾಡಿ ಹೇಳ್ತೀಯ ಯಾವಾಗ್ಲೂ. ದೇಹದಲ್ಲಿ ಎಲ್ಲಾದಕ್ಕಿಂತ ಹೆಚ್ಚು ಕಡೆಗೆ ತಿರುಗೋ ಕೀಲು ಅದು, ಹಾಗೆ ತಿರುಗ್ಬೇಕು ಅಂತಾನೇ ಗೂಡು ಆಳ ಇಲ್ಲ, ಸಾಸರ್ ಮೇಲೆ ಕಿತ್ತಳೆ ಹಣ್ಣು ಇಟ್ಟ ಹಾಗೆ ಇರುತ್ತೆ. ಹಣ್ಣು ಜಾರದ ಹಾಗೆ ಅಂಚಿಗೆ ಲೇಬ್ರಮ್ ಅಂತ ಒಂದು ಗಟ್ಟಿ ರಬ್ಬರಿನಂಥ ಬಳೆ, ಸುತ್ತ ರೊಟೇಟರ್ ಕಫ್ ಅಂತ ನಾಲ್ಕು ಸಣ್ಣ ಸ್ನಾಯು. ಕಾಲೇಜಲ್ಲಿ ಕಬಡ್ಡಿ ಆಡುವಾಗ ಕೈ ಹಿಡಿದು ಹಿಂದಕ್ಕೆ ಎಳೆದ್ರಲ್ಲ, ಆವತ್ತು ಕಿತ್ತು ಹೋಗಿದ್ದು ಆ ಲೇಬ್ರಮ್. ಹರೆಯದಲ್ಲಿ ಒಂದ್ಸಲ ಕೀಲು ತಪ್ಪಿದ್ರೆ ಮತ್ತೆ ತಪ್ಪೋ ಸಂಭವ ಜಾಸ್ತಿ, ಅದು ನಿನ್ನ ಅಜಾಗರೂಕತೆ ಅಲ್ಲ. ಆಮೇಲೆ ಬಸ್ಸಲ್ಲಿ ಮೇಲಿಂದ ಬ್ಯಾಗ್ ತೆಗೆಯೋವಾಗ ತಪ್ತು, ನಿದ್ದೇಲಿ ಮಗ್ಗುಲು ತಿರುಗುವಾಗ ತಪ್ತು, ಕೀಲಿನೊಳಗೆ ಕ್ಯಾಮರಾ ತೂರಿಸಿ ಮಾಡೋ ಮೊದಲನೇ ಆಪರೇಷನಲ್ಲಿ ಲೇಬ್ರಮ್ ಹೊಲಿಸ್ಕೊಂಡು ಬಂದ್ಮೇಲೂ ತಪ್ತು. ಪ್ರತಿ ಸಲ ಜಾರಿದಾಗ್ಲೂ ಗೂಡಿನ ಮುಂದಿನ ಅಂಚಿನ ಮೂಳೆ ಸ್ವಲ್ಪ ಸವೀತಾ ಬರುತ್ತೆ, ಸಿಟಿ ಸ್ಕ್ಯಾನಲ್ಲಿ ಡಾಕ್ಟರ್ ತೋರಿಸಿದ್ದು ಅದನ್ನೇ, ಅಂಚೇ ಇಲ್ಲದ ಮೇಲೆ ಬರೀ ಹೊಲಿಗೆ ಎಷ್ಟು ಅಂತ ತಡ್ಕೊಳ್ಳುತ್ತೆ ಹೇಳು.

ಅದಕ್ಕೇ ಎರಡನೇ ಸಲ ಲಟಾರ್ಜೆ ಆಪರೇಷನ್ ಮಾಡಿದ್ದು. 1954ರಲ್ಲಿ ಫ್ರಾನ್ಸಿನ ಮಿಷೆಲ್ ಲಟಾರ್ಜೆ ಅನ್ನೋ ಸರ್ಜನ್ ಹೇಳಿಕೊಟ್ಟ ವಿಧಾನ, ಭುಜದ ಮುಂದಿರೋ ಕೊರಾಕಾಯ್ಡ್ ಅನ್ನೋ ಚಿಕ್ಕ ಮೂಳೆ ತುಂಡನ್ನ ಅದಕ್ಕಂಟಿರೋ ಸ್ನಾಯು ಸಮೇತ ತಂದು ಸವೆದ ಅಂಚಿಗೆ ಸ್ಕ್ರೂ ಹಾಕಿ ಕೂರಿಸ್ತಾರೆ. ನೀರಿನ ಕೊಡ ಎತ್ತಬೇಡ, ಮೊಣಕೈ ಮಡಚಿ ಭಾರ ಎತ್ತಬೇಡ ಅಂತ ನಾನು ಹಿಂದೆ ಹಿಂದೆ ಬರ್ತಿದ್ದೆ, ನಿಂಗೆ ಸಿಟ್ಟು ಬರ್ತಿತ್ತು, ಆಪರೇಷನ್ ಆಗಿದ್ದು ಭುಜಕ್ಕೆ ಬೈಸೆಪ್ಸ್‌ಗೆ ಏನಾಯ್ತು ಅಂತಿದ್ದೆ. ಬೈಸೆಪ್ಸಿನ ಒಂದು ತಲೆ ಶುರುವಾಗೋದೇ ಆ ಕೊರಾಕಾಯ್ಡ್ ಮೂಳೆಯಿಂದ ಕಣೇ, ಅದು ಜೋರಾಗಿ ಎಳೆದ್ರೆ ಹೊಸದಾಗಿ ಕೂರಿಸಿದ ತುಂಡನ್ನೇ ಎಳೆದ ಹಾಗೆ. ಮೂಳೆ ಕೂಡ್ಕೊಳ್ಳೋಕೆ ಸುಮಾರು ಮೂರು ತಿಂಗಳು ಬೇಕು. ಈಗ ಸ್ಕ್ಯಾನಲ್ಲಿ ಕೂಡಿದೆ ಅಂತ ಬಂದಿದೆ, ಸರಿ, ಆದ್ರೆ ಮೂಳೆ ಕೂಡಿದೆ ಅಂದ ತಕ್ಷಣ ಸ್ನಾಯು ತಯಾರಿದೆ ಅಂತಲ್ಲ. ಕಫ್‌ನ ಮುಂದಿನ ಸ್ನಾಯು ಸಬ್‌ಸ್ಕ್ಯಾಪುಲಾರಿಸ್ ಇದ್ಯಲ್ಲ, ಅದನ್ನ ಸೀಳ್ಕೊಂಡೇ ಒಳಗೆ ಹೋಗೋದು, ಅದು ಮೊದಲಿನ ಹಾಗಾಗೋಕೆ ಇನ್ನೂ ಟೈಮ್ ಹಿಡಿಯುತ್ತೆ. ನೋವಿಲ್ಲ ಅಂತ ವಾರ ವಾರ ಪ್ಲೇಟ್ ಏರಿಸ್ಕೊಂಡು ಹೋಗ್ಬೇಡ, ನನಗೆ ಭಯ ಇರೋದು ನೋವಿಲ್ಲದ ಈ ತಿಂಗಳುಗಳದ್ದೇ.

ಇನ್ನೊಂದು ವಿಷಯ, ಇದನ್ನ ನೀನು ಫಿಸಿಯೋ ಹತ್ರ ಹೇಳಿಲ್ಲ ಅನ್ಸುತ್ತೆ. ಹೋದ ಸಲ ಮನೇಗೆ ಬಂದಾಗ ಕನ್ನಡಿ ಮುಂದೆ ಜಡೆ ಹಾಕ್ಕೊಳ್ತಿದ್ದೆ, ಎಡಗೈ ಸಲೀಸಾಗಿ ತಲೆ ಹಿಂದಕ್ಕೆ ಹೋಯ್ತು, ಬಲಗೈ ಕಿವಿವರೆಗೆ ಬಂದು ನಿಲ್ತು, ಮೊಣಕೈ ಮುಂದಕ್ಕೆ ಬಂತು, ಕತ್ತು ಬಗ್ಗಿಸಿ ತಲೇನೇ ಕೈ ಹತ್ರ ತಗೊಂಡು ಹೋದೆ, ಉಸಿರು ಬಿಗಿ ಹಿಡಿದಿದ್ದೆ. ನೋವಾ ಅಂದೆ, ಇಲ್ಲಮ್ಮ ಅಂದೆ. ಕೈ ಪಕ್ಕಕ್ಕೆ ಎತ್ತಿ ಹಿಂದಕ್ಕೆ ತಿರುಗಿಸೋದು, ನಿನ್ನ ಭುಜ ತಪ್ಪೋ ಭಂಗಿ ಅದೇ. ಡಾಕ್ಟರ್ ನಿನ್ನ ಮಲಗಿಸಿ ಕೈಯನ್ನ ಹಾಗೇ ತಿರುಗಿಸಿ ನಿನ್ನ ಮುಖ ನೋಡ್ತಿದ್ರು ನೆನಪಿದ್ಯಾ, ಅದಕ್ಕೆ ಅಪ್ರಿಹೆನ್ಷನ್ ಟೆಸ್ಟ್ ಅಂತಾರೆ, ಅದರಲ್ಲಿ ಅವರು ಮುಖ್ಯವಾಗಿ ಹುಡುಕೋದು ನೋವನ್ನಲ್ಲ, ಹೆದರಿಕೇನ. ಆಮೇಲೆ ಅಂಗೈಯಿಂದ ಭುಜದ ಮುಂಭಾಗ ಒತ್ತಿ ಹಿಡಿದ್ರೆ ಅದೇ ಭಂಗೀಲಿ ಹೆದರಿಕೆ ಹೋಗಿಬಿಡುತ್ತೆ. ಅಂದ್ರೆ ನಿನ್ನ ಹೆದರಿಕೆ ಪುಕ್ಕಲುತನ ಅಲ್ಲ ಪುಟ್ಟಿ, ವೈದ್ಯರೇ ಲೆಕ್ಕಕ್ಕೆ ತಗೊಳ್ಳೋ ಲಕ್ಷಣ ಅದು. ಕೀಲು ಗಟ್ಟಿ ಆದ್ರೂ ಕೆಲವರಿಗೆ ಅದು ಹೋಗೋದು ಎಲ್ಲಾದಕ್ಕಿಂತ ಕೊನೇಲಿ. ಅದಕ್ಕೂ ಸೆಟ್ ರೆಪ್ಸ್ ಅಂತ ಮತ್ತೆ ಮತ್ತೆ ಮಾಡೋದು ಬೇಕು, ಹಗುರ ಭಾರದಲ್ಲಿ, ಭುಜಕ್ಕೆ ನಂಬಿಕೆ ಬರೋವರೆಗೂ. ಆ ಬರೀ ರಾಡ್ ಮಾಡ್ತಿರೋ ಕೆಲಸ ಅದು, ಅದಕ್ಕೆ ಯಾಕೆ ನಾಚ್ಕೆ?

ಮೂವತ್ತು ವರ್ಷದ ಹತ್ರ ಪಿಟಿ ಟೀಚರ್ ಆಗಿದ್ದೋಳು ನಾನು, ಸ್ವಲ್ಪ ಪಾಠ ಮಾಡ್ತೀನಿ ಸಹಿಸ್ಕೋ. ಬೆಂಚ್‌ಗಿಂತ ನೆಲದ ಮೇಲೆ ಮಲಗಿ ಪ್ರೆಸ್ ಮಾಡೋದು ಈಗ ನಿಂಗೆ ಒಳ್ಳೇದು, ಮೊಣಕೈ ನೆಲಕ್ಕೆ ತಾಗಿ ಅಲ್ಲೇ ನಿಲ್ಲುತ್ತೆ, ಬೆನ್ನಿಗಿಂತ ಕೆಳಗೆ ಹೋಗಿ ಭುಜದ ಮುಂಭಾಗ ಹಿಗ್ಗೋದಿಲ್ಲ. ಬೆಂಚಿಗೆ ಬಂದ್ಮೇಲೂ ಹಿಡಿತ ಅಗಲ ಬೇಡ, ಮೊಣಕೈ ಪಕ್ಕೆ ಕಡೆಗಿರ್ಲಿ. ಕತ್ತಿನ ಹಿಂದೆ ರಾಡ್ ಇಳಿಸೋದು, ಕಂಬಿ ಮೇಲೆ ಕೈಯೂರಿ ಮೈ ಇಳಿಸಿ ಏಳೋ ಡಿಪ್ಸ್, ಇವನ್ನ ಯಾರು ಹೇಳಿದ್ರೂ ಬೇಡ ಅನ್ನು. ಸ್ಕ್ವಾಟ್ ಮಾಡುವಾಗ ರಾಡ್ ಬೆನ್ನ ಮೇಲಿಟ್ಟು ಹಿಡಿಯೋಕೂ ಕೈ ಆ ಜಡೆ ಹಾಕೋ ಭಂಗಿಗೇ ಹೋಗುತ್ತೆ, ನಿಮ್ಮ ಜಿಮ್ಮಲ್ಲಿ ಸೇಫ್ಟಿ ಸ್ಕ್ವಾಟ್ ಬಾರ್ ಅನ್ನೋ ರಾಡ್ ಇದ್ರೆ ಅದರ ಹಿಡಿಕೆ ಮುಂದಿರುತ್ತೆ, ಕೇಳಿ ನೋಡು, ಇಲ್ದಿದ್ರೆ ಲೆಗ್ ಪ್ರೆಸ್ ಇದ್ದೇ ಇದೆ. ರಬ್ಬರ್ ಬ್ಯಾಂಡ್ ಕಟ್ಟಿ ಮುಂಗೈ ಒಳಗೆ ಹೊರಗೆ ತಿರುಗಿಸೋದನ್ನ ಬೇಜಾರು ಅಂತ ಬಿಡ್ಬೇಡ, ಕಫ್ ಗಟ್ಟಿ ಆಗೋದು ಅದರಲ್ಲೇ. ಸ್ಲಿಂಗಲ್ಲಿದ್ದಾಗ ಎಡಗೈಗೆ ಡಂಬೆಲ್ ಮಾಡು ಅಂತ ನಿನ್ನ ಫಿಸಿಯೋ ಹೇಳಿದ್ರಲ್ಲ, ನಂಗೆ ಅದು ತುಂಬ ಇಷ್ಟ ಆಯ್ತು, ಒಂದು ಕೈಗೆ ತರಬೇತಿ ಕೊಟ್ರೆ ಇನ್ನೊಂದು ಕೈ ಬಲಾನೂ ಸ್ವಲ್ಪ ಏರುತ್ತೆ ಅಂತ 1894ರಲ್ಲೇ ಅಮೆರಿಕದ ಯೇಲ್‌ನಲ್ಲಿ ತೋರಿಸಿದ್ರು.

ವೇಟ್‌ಲಿಫ್ಟರ್ ಮೀರಾಬಾಯಿ ಚಾನು ವಿಷಯ ನಿಂಗೊತ್ತು, ಆದ್ರೂ ಬರೀತೀನಿ. ಅವಳಿಗೂ ಭುಜ ಬೆನ್ನಿನ ತೊಂದರೆ, ಎರಡು ಭುಜ ಒಂದೇ ಸಮ ಕೆಲಸ ಮಾಡ್ತಿರ್ಲಿಲ್ಲ, ಒಂದೇ ಸಲಕ್ಕೆ ತಲೆ ಮೇಲಕ್ಕೆ ಎತ್ತೋ ಸ್ನ್ಯಾಚಲ್ಲಿ ಹಿಂದೆ ಬೀಳ್ತಿದ್ಲು. 2020ರಲ್ಲಿ ಕೊರೋನಾ ನಡುವೆ ಅಮೆರಿಕದ ಸೇಂಟ್ ಲೂಯಿಸಿಗೆ ಹೋಗಿ ಆ ವ್ಯತ್ಯಾಸ ಸರಿ ಮಾಡ್ಕೊಳ್ಳೋಕೆ ಕೂತ್ಲು, ಒಲಿಂಪಿಕ್ಸ್ ಎದುರಿಗಿಟ್ಕೊಂಡು. 2021ರ ಏಪ್ರಿಲಲ್ಲಿ ತಾಷ್ಕೆಂಟಲ್ಲಿ ಎರಡು ಹಂತದಲ್ಲಿ ಎತ್ತೋ ಕ್ಲೀನ್ ಅಂಡ್ ಜರ್ಕಲ್ಲಿ 119 ಕೆಜಿ, ಆಗಿನ ವಿಶ್ವದಾಖಲೆ, ಜುಲೈನಲ್ಲಿ ಟೋಕಿಯೋದಲ್ಲಿ ಎರಡೂ ಬಗೆ ಸೇರಿ 202 ಕೆಜಿ ಎತ್ತಿ ಬೆಳ್ಳಿ. ನೀನು ಮೀರಾಬಾಯಿ ಆಗು ಅಂತಲ್ಲ, ಅಂಥೋಳೇ ಭುಜಕ್ಕೆ ಅಷ್ಟು ಟೈಮ್ ಕೊಟ್ಲು ಅಂತ.

ಹರಿಹರದ ಅತ್ತೆ ಬಂದಿದ್ರು, ಇನ್ನಾದ್ರೂ ಆ ಕಬ್ಬಿಣ ಎತ್ತೋದು ಬಿಡ್ಸಿ, ಹೆಣ್ಣು ಹುಡುಗಿ, ನಾಳೆ ಮಗು ಎತ್ಕೊಳ್ಳೋಕೆ ಕೈ ಬೇಡ್ವಾ ಅಂದ್ರು. ಕೈ ಬೇಕು ಅಂತಾನೇ ಎತ್ತೋದು ಅತ್ತಿಗೆ ಅಂದೆ. 2000ನೇ ಇಸವಿಯಲ್ಲಿ ಕರ್ಣಂ ಮಲ್ಲೇಶ್ವರಿ ಸಿಡ್ನಿಯಲ್ಲಿ ಹಾಗೇ ಎರಡೂ ಸೇರಿ 240 ಕೆಜಿ ಎತ್ತಿ ಕಂಚು ತಂದಾಗ, ಒಲಿಂಪಿಕ್ಸ್ ಪದಕ ಗೆದ್ದ ನಮ್ಮ ದೇಶದ ಮೊದಲ ಹೆಂಗಸು ಅವಳು, ನಮ್ಮ ಸ್ಕೂಲ್ ಹುಡುಗೀರು ಗ್ರೌಂಡಿಗೆ ಬಂದು ಮಿಸ್ ನಮಗೂ ಶಾಟ್‌ಪುಟ್ ಕೊಡಿ ಅಂತ ಕೇಳಿದ್ರು. ಆ ಮಕ್ಕಳ ಮುಖ ನೋಡಿದೋಳು ನಾನು, ನನ್ನ ಮಗಳಿಗೆ ಬಿಡು ಅಂತ ಹೇಳ್ತೀನಾ? ಮೊದಲು ನೀನು ಎತ್ತುತ್ತಿದ್ದ 65 ಕೆಜಿ ವಾಪಸ್ ಬರುತ್ತೋ ಇಲ್ವೋ, ಬಂದ್ರೆ ಸಂತೋಷ, ಬರ್ದೇ ಇದ್ರೂ ನೀನು ಜಿಮ್ಮಿಗೆ ಹೋಗ್ತಾ ಇರ್ಬೇಕು ಅನ್ನೋದು ನನ್ನಾಸೆ. ಭಾರ ಎತ್ತೋದ್ರಿಂದ ಮೂಳೆ ಗಟ್ಟಿ ಆಗುತ್ತೆ, ನನ್ನ ವಯಸ್ಸಿಗೆ ಬಂದಾಗ ಅದರ ಬೆಲೆ ಗೊತ್ತಾಗುತ್ತೆ ನಿಂಗೆ.

ಮುಂದಿನ ಚೆಕಪ್ಪಿಗೆ ಹೋದಾಗ ಜಡೆ ವಿಷಯ ಬಾಯ್ಬಿಟ್ಟು ಹೇಳು. ಎರಡೂ ಭುಜದ ಬಲಾನ ಮೆಷಿನ್ ಇಟ್ಟು ಅಳೆದು ಬರ್ಕೊಡಿ ಅಂತ ಕೇಳು, ಬಲಗಡೆ ಎಡಗಡೆಗೆ ಎಷ್ಟು ಹತ್ರ ಬಂದಿದೆ ನೋಡ್ಕೊಂಡು ಆಮೇಲೆ ಪ್ಲೇಟ್ ಹಾಕೋದು ಯೋಚ್ನೆ ಮಾಡೋಣ. ಆ ಚೀಟಿ ಫೋಟೋ ನಂಗೂ ಕಳ್ಸು. ವಿಡಿಯೋನೂ ಕಳಿಸ್ತಾ ಇರು, ಈ ಸಲ ಫೋನ್ ಸ್ವಲ್ಪ ಪಕ್ಕಕ್ಕೆ ಇಡು, ಮೊಣಕೈ ಎಷ್ಟು ಕೆಳಗೆ ಹೋಗುತ್ತೆ ಕಾಣ್ಬೇಕು.

ಅಮ್ಮ
ದಾವಣಗೆರೆ