ತಂಗುಮನೆಯ ಪುಸ್ತಕದಲ್ಲಿ ಹೆಸರು ಬರೆಯಿರಿ

ಮಾನ್ಯ ಸಂಪಾದಕರೇ,

ನ್ಯೂಜಿಲೆಂಡ್‌ನ ಬೆಟ್ಟಗಳಲ್ಲಿ ಒಬ್ಬರೇ ದಿನಗಟ್ಟಲೆ ಚಾರಣ ಮಾಡಲು ಬರುವ ನಮ್ಮ ಯುವಕ ಯುವತಿಯರ ಗಮನಕ್ಕೆ ಈ ಪತ್ರ. ಇಲ್ಲಿನ ಸಂರಕ್ಷಣಾ ಇಲಾಖೆ 950ಕ್ಕೂ ಹೆಚ್ಚು ತಂಗುಮನೆಗಳನ್ನು ನೋಡಿಕೊಳ್ಳುತ್ತಿದ್ದು, ಇವುಗಳಲ್ಲಿ ಅನೇಕವು ಹಿಂದೆ ಜಿಂಕೆಗಳ ಹಾವಳಿ ತಡೆಯಲು ನೇಮಿಸಿದ್ದ ಬೇಟೆಗಾರರಿಗಾಗಿ ಕಟ್ಟಿಸಿದವು. ಹಲಗೆ ಮಂಚ, ಹಾಸಿಗೆ, ಮಳೆನೀರಿನ ಟ್ಯಾಂಕ್, ಕೆಲವೆಡೆ ಸೌದೆ ಒಲೆ. ಹೆಚ್ಚಿನ ಕಡೆ ಮೇಲ್ವಿಚಾರಕರೂ ಇರುವುದಿಲ್ಲ.

ಆದರೆ ಒಳಗೆ ಒಂದು ಪುಸ್ತಕವಿರುತ್ತದೆ. ಹೆಸರು, ದಿನಾಂಕ, ಮುಂದಿನ ದಾರಿ ಇವಿಷ್ಟನ್ನು, ರಾತ್ರಿ ಉಳಿಯದೆ ಮುಂದೆ ಸಾಗುವವರೂ ದಯವಿಟ್ಟು ಅದರಲ್ಲಿ ಬರೆಯಬೇಕು. ಏಕೆಂದರೆ ಒಂಟಿ ಚಾರಣಿಗರು ಕಾಣೆಯಾದಾಗ ಅವರು ಕೊನೆಯದಾಗಿ ಎಲ್ಲಿದ್ದರು, ಯಾವ ಕಣಿವೆಯ ಕಡೆ ಹೋದರು ಎಂಬುದನ್ನು ಶೋಧ ತಂಡದವರಿಗೆ ಹೇಳಲು ಜೊತೆಗಾರರು ಯಾರೂ ಇರುವುದಿಲ್ಲ. ಮೊಬೈಲ್ ಸಿಗ್ನಲ್ಲನ್ನು ನಂಬುವಂತಿಲ್ಲ. ತುರ್ತು ಸಂಕೇತ ಕಳಿಸುವ ಬೀಕನ್ ಬಾಡಿಗೆಗೆ ಸಿಗುತ್ತದೆ, ಅದನ್ನು ಒಯ್ಯಲೇಬೇಕು.

ನನಗೆ ಹೆಚ್ಚು ಆತಂಕ ಹೊಳೆಗಳದ್ದು. ಜೋರು ಮಳೆಗೆ ಕೆಲವೇ ಗಂಟೆಗಳಲ್ಲಿ ಉಕ್ಕುವ ಅವುಗಳಿಗೆ ಎಷ್ಟೋ ಕಡೆ ಸೇತುವೆಯಿಲ್ಲ. ಊರಿಗೆ ಮರಳುವ ವಿಮಾನದ ದಿನ ಹತ್ತಿರವಾಯಿತೆಂದು ಕೆನ್ನೀರಿಗೆ ಇಳಿಯಬೇಡಿ; ಒಂದೆರಡು ದಿನದ ಆಹಾರವನ್ನು ಹೆಚ್ಚಾಗಿಯೇ ಹೊತ್ತು ತಂದು, ನೀರು ತಗ್ಗುವವರೆಗೆ ತಂಗುಮನೆಯಲ್ಲೇ ಕಾಯಿರಿ.

– ಓದುಗರೊಬ್ಬರು, ಕ್ರೈಸ್ಟ್‌ಚರ್ಚ್